ಕಣ್ಣು ಹಕ್ಕಿಗೆ, ಕೈ ಗೋಡೆಗೆ

ಅಳಿವೆಯ ಬಾಯಲ್ಲಿ, ಉಪ್ಪುನೀರು ಸಿಹಿನೀರನ್ನು ತಳ್ಳಿಕೊಂಡು ಒಳಗೆ ಬರುವ ಕಡೆ, ಒಂದು ಊರಿತ್ತು. ಆ ಊರಿಗೆ ಬೀದಿ ಒಂದೇ. ಬೀದಿಯ ತುದಿಗೆ ಬಾವಿ ಒಂದೇ. ಬಾವಿಗೆ ಹೋಗುವ ದಾರಿಯಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮನೆಯೊಂದಿತ್ತು. ಅದನ್ನು ಹೊಸಬರ ಮನೆ ಎನ್ನುತ್ತಿದ್ದರು. ಯಾರೇ ಬರಲಿ, ಎಲ್ಲಿಂದಲೇ ಬರಲಿ, ಮೊದಲು ಆ ಮನೆಯಲ್ಲಿರಬೇಕು. ಬಂದ ಮೇಲೆ ಬರುವ ಹುಣ್ಣಿಮೆಗೆ ಅವರ ವಿಚಾರ ತೀರ್ಮಾನವಾಗುತ್ತಿತ್ತು.

ತೀರ್ಮಾನ ಮಾಡುವವರು ಯಾರೂ ಇರಲಿಲ್ಲ. ಗೋಡೆ ಮಾಡುತ್ತಿತ್ತು.

ಒಂದು ತೀರ್ಮಾನ ಮುಗಿದ ಮೇಲೆ ಗೋಡೆಗೆ ಮತ್ತೆ ಕೆಮ್ಮಣ್ಣು ಸಾರಿಸಿ, ಮುಂದಿನ ಹೊಸಬರು ಬಂದ ದಿನ ಆ ಮನೆಯ ಮುಂದೆ ಎರಡು ಬಾನಿ ಇಡುತ್ತಿದ್ದರು. ಬಲಗಡೆಯ ಬಾನಿಯಲ್ಲಿ ಸುಣ್ಣ, ಎಡಗಡೆಯದರಲ್ಲಿ ಮಸಿ. ನೀರಿಗೆ ಹೋಗುವವರೆಲ್ಲ ಹುಣ್ಣಿಮೆಯೊಳಗೆ ಒಂದು ಸಲ ಬಲಗೈಯನ್ನು ಸುಣ್ಣಕ್ಕೂ ಎಡಗೈಯನ್ನು ಮಸಿಗೂ ಅದ್ದಿ, ಗೋಡೆಗೆ ಎದುರಾಗಿ ಒಂದು ಗಳಿಗೆ ನಿಲ್ಲಬೇಕು. ಮಾಡಿನ ತುದಿಯಲ್ಲಿ ಮಣ್ಣಿನ ಹಕ್ಕಿಯೊಂದನ್ನು ಕೂರಿಸಿದ್ದರು. ಕಣ್ಣು ಆ ಹಕ್ಕಿಯ ಮೇಲಿರಬೇಕು. ಅಷ್ಟರಲ್ಲಿ ಎರಡರಲ್ಲಿ ಒಂದು ಕೈ ತಾನಾಗಿ ಎದ್ದು ಗೋಡೆಯನ್ನು ಮುಟ್ಟುತ್ತದೆ. ಯಾವುದು ಮುಟ್ಟಬೇಕೆಂದು ಯೋಚಿಸಬಾರದು. ಯಾವುದು ಮುಟ್ಟಿತೆಂದು ನೋಡಬಾರದು. ಬಾವಿಕಟ್ಟೆಯಲ್ಲಿ ಕಣ್ಣು ಮುಚ್ಚಿ ಕೈ ತೊಳೆದುಕೊಂಡರೆ ಮುಗಿಯಿತು. ಮಕ್ಕಳಿಗೆ ಮಾತು ಬರುವ ಹೊತ್ತಿಗೇ ತಾಯಂದಿರು ಇದನ್ನು ಕಲಿಸಿಬಿಡುತ್ತಿದ್ದರು: ಕಣ್ಣು ಹಕ್ಕಿಗೆ, ಕೈ ಗೋಡೆಗೆ. ಮಕ್ಕಳು ಅದನ್ನು ಹೇಳಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದರು.

ಹುಣ್ಣಿಮೆಯ ದಿನ ಊರಿನ ಹಿರಿಯ ಕೋಲೂರಿಕೊಂಡು ಬಂದು ಗೋಡೆಯನ್ನು ನೋಡುತ್ತಿದ್ದ. ಬಿಳಿಯ ಕೈಗಳು ಹೆಚ್ಚಾಗಿದ್ದರೆ ಹೊಸಬರಿಗೆ ಬಾವಿಯ ನೀರು ಕೊಟ್ಟು, ಬೀದಿಯಲ್ಲಿ ಮನೆ ಕೊಟ್ಟು, ನಮ್ಮವರು ಎನ್ನುತ್ತಿದ್ದರು. ಕಪ್ಪು ಹೆಚ್ಚಾಗಿದ್ದರೆ ಯಾರೂ ಬೈಯುತ್ತಿರಲಿಲ್ಲ, ಯಾರೂ ತಳ್ಳುತ್ತಿರಲಿಲ್ಲ. ದೋಣಿಯವನು ಹಗ್ಗ ಬಿಚ್ಚುತ್ತಿದ್ದ, ಅಷ್ಟೇ. ಆಚೆ ದಡ ಬರೀ ಉಪ್ಪಿನ ಬಯಲು. ಅಲ್ಲಿಗೆ ಹೋದವರು ಒಲೆ ಹಚ್ಚಿದ ಹೊಗೆಯನ್ನು ಈ ದಡದವರು ಒಮ್ಮೆಯೂ ಕಂಡಿರಲಿಲ್ಲ. ದೋಣಿ ಖಾಲಿಯಾಗಿ ಹಿಂದಿರುಗಿದಾಗ ಜನ ಒಬ್ಬರಿಗೊಬ್ಬರು ಗೋಡೆ ಹೇಳಿತು ಎಂದುಕೊಂಡು ಮನೆಗೆ ಹೋಗಿ ಉಣ್ಣುತ್ತಿದ್ದರು. ಕಪ್ಪು ಕೈ ಇಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಇಟ್ಟವರಿಗೂ ಗೊತ್ತಿರಲಿಲ್ಲ.

ಆ ಊರಿಗೆ ಸುಣ್ಣ ಸುಟ್ಟುಕೊಡುವವಳು ಒಬ್ಬಳಿದ್ದಳು. ಹೊಸಬರ ಮನೆಗೆ ಎದುರಾಗಿರುವ ದಿಬ್ಬದ ಮೇಲೆ ಅವಳ ಸುಣ್ಣದ ಗೂಡು. ಅಳಿವೆಯಲ್ಲಿ ಚಿಪ್ಪು ಬಾಚಿ, ಗೂಡಿನಲ್ಲಿ ಸುಟ್ಟು, ನೀರು ಹೊಯ್ದು ಅರಳಿಸಿ ಸುಣ್ಣ ಮಾಡುತ್ತಿದ್ದಳು. ಮೊಣಕೈವರೆಗೂ ಅವಳ ಕೈ ಸದಾ ಬೆಳ್ಳಗೆ, ಸದಾ ಒಡೆದು ಬಿರಿದಿರುತ್ತಿತ್ತು. ಹೆಚ್ಚು ಮಾತಾಡದವಳು, ಯಾರ ಸುದ್ದಿಗೂ ಹೋಗದವಳು. ಆದರೆ ಒಳಗೊಳಗೇ ಅವಳಿಗೊಂದು ಹೆಮ್ಮೆಯಿತ್ತು. ಆಚೆ ದಡಕ್ಕೆ ಹೋದ ಯಾರ ಗೋಡೆಯ ಮೇಲೂ ತನ್ನ ಕಪ್ಪು ಕೈ ಬಿದ್ದಿಲ್ಲವೆಂದು ಅವಳು ನಂಬಿದ್ದಳು. ನೋಡಿರಲಿಲ್ಲ, ನಿಜ. ಆದರೆ ತನ್ನ ಮನಸ್ಸು ತನಗೆ ಗೊತ್ತಿಲ್ಲವೇ? ಯಾರಿಗೂ ಕೇಡು ಬಯಸದವಳ ಕೈ ಕಪ್ಪಿಗೆ ಯಾಕೆ ಹೋದೀತು?

ಒಂದು ಮಧ್ಯಾಹ್ನ, ನೀರು ಇಳಿದು ಕೆಸರು ಬಿಸಿಲಿಗೆ ಹೊಳೆಯುತ್ತಿದ್ದಾಗ, ದಂಡೆಯ ಮೇಲೆ ಒಬ್ಬ ಹೆಂಗಸು ನಡೆದು ಬಂದಳು. ಬೆನ್ನಿಗೆ ಜೊಂಡಿನ ಕಟ್ಟು, ಕೈಯಲ್ಲಿ ಒಂದು ಗಂಟು. ಅವಳನ್ನು ಮೊದಲು ನೋಡಿದ್ದು ಸುಣ್ಣದವಳೇ. ಚಿಪ್ಪು ಬಾಚುತ್ತಿದ್ದವಳು ತಲೆ ಎತ್ತಿದಳು. ಬಂದವಳ ಎಡರೆಪ್ಪೆ ಅರ್ಧ ಮುಚ್ಚಿಕೊಂಡಿತ್ತು. ಸುಣ್ಣದವಳು ನಕ್ಕಳು. ಬಂದವಳೂ ನಕ್ಕಳು, ಆದರೆ ಅವಳ ನಗು ಒಂದು ಗಳಿಗೆ ತಡವಾಗಿ ಬಂತು.

ಸುಣ್ಣದವಳು ಜೊಂಡಿನ ಕಟ್ಟನ್ನು ತಾನೇ ಹೊತ್ತುಕೊಂಡು ಅವಳನ್ನು ಹೊಸಬರ ಮನೆಗೆ ಕರೆತಂದಳು. ಬಾನಿಗಳನ್ನು ಇಡುವ ಕೆಲಸವೂ ಅವಳದೇ. ಇಟ್ಟು, ಪದ್ಧತಿಯಂತೆ ಮೊದಲಿಗಳಾಗಿ ಎರಡೂ ಕೈ ಅದ್ದಿ, ಹಕ್ಕಿಯನ್ನು ನೋಡುತ್ತ ನಿಂತು, ಬಾವಿಗೆ ಹೋಗಿ ಕಣ್ಣು ಮುಚ್ಚಿ ಕೈ ತೊಳೆದಳು. ಹಕ್ಕಿಯನ್ನು ನೋಡುವಾಗ ಅವಳು ಯೋಚಿಸುತ್ತಿದ್ದದ್ದು ಒಂದೇ: ಪಾಪ, ಎಷ್ಟು ದೂರದಿಂದ ನಡೆದು ಬಂದಳೋ, ಬಿಸಿ ಗಂಜಿ ಕೊಡಬೇಕು. ಮನೆಗೆ ಹೋಗಿ ಗಂಜಿ ಕಾಸಿ, ಸುಟ್ಟ ಮೀನು ಜತೆಗಿಟ್ಟು ತಂದುಕೊಟ್ಟಳು.

ಆಮೇಲೆ ದಿನವೂ ಹೋಗುವುದು ರೂಢಿಯಾಯಿತು. ಹುಣ್ಣಿಮೆಯವರೆಗೆ ಹೊಸಬರು ಮನೆ ಬಿಟ್ಟು ಹೊರಗೆ ಬರುವಂತಿಲ್ಲ, ಊರವರು ಹೋಗಬಹುದು. ಬಂದವಳು ಹಿತ್ತಿಲಲ್ಲಿ ಕೂತು ಜೊಂಡಿನ ಚಾಪೆ ಹೆಣೆಯುತ್ತಿದ್ದಳು. ಸುಣ್ಣದವಳು ಎದುರಿಗೆ ಕೂತು ಮಾತಾಡುತ್ತಿದ್ದಳು. ಊರಿನಲ್ಲಿ ಯಾರೊಂದಿಗೂ ಆಡದ ಮಾತೆಲ್ಲ ಅವಳ ಮುಂದೆ ಬರುತ್ತಿತ್ತು: ಸತ್ತ ಗಂಡನ ವಿಷಯ, ಬದುಕಲಿಲ್ಲದ ಮಗುವಿನ ವಿಷಯ, ಗೂಡಿನ ಬೆಂಕಿ ಒಂದೊಂದು ದಿನ ಹೇಗೆ ಹಟ ಮಾಡುತ್ತದೆಂಬ ವಿಷಯ. ಬಂದವಳು ಹೂಂಗುಟ್ಟುತ್ತ ಕೇಳುತ್ತಿದ್ದಳು. ಒಂದು ದಿನ ಚಾಪೆಯನ್ನು ಬದಿಗಿಟ್ಟು, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಕೇಳದೆಯೇ ಸುಣ್ಣದವಳ ಬಿರಿದ ಕೈಗಳಿಗೆ ಹಚ್ಚತೊಡಗಿದಳು. ಎಡಗೈಯ ಉಂಗುರ ಬೆರಳಿನ ತುದಿ ಎಳೆಯ ವಯಸ್ಸಿನಲ್ಲೇ ಗೂಡಿನಲ್ಲಿ ಬೆಂದುಹೋಗಿತ್ತು. ಆ ಮೋಟುಬೆರಳನ್ನು ಮುಟ್ಟಿದಾಗ ಬಂದವಳ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಮತ್ತೆ ಎಣ್ಣೆ ತೀಡಿತು. ಮದುವೆಯ ಎಣ್ಣೆನೀರಾದ ಮೇಲೆ ಯಾರೂ ಹಾಗೆ ಅವಳ ಕೈ ಹಿಡಿದಿರಲಿಲ್ಲ. ಸುಣ್ಣದವಳಿಗೆ ಕಣ್ಣು ತುಂಬಿ ಬಂತು.

ಇತ್ತ ಗೋಡೆಯ ಬಣ್ಣ ತಿರುಗುತ್ತಿತ್ತು. ಹುಣ್ಣಿಮೆಗೆ ಮುಂಚೆ ಗೋಡೆಯನ್ನು ಹತ್ತಿರದಿಂದ ನೋಡಬಾರದು. ಆದರೆ ದಿಬ್ಬದ ಮೇಲಿನ ಗೂಡಿನಿಂದ ಅದು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಕೆಮ್ಮಣ್ಣಿನ ಕೆಂಪು ದಿನದಿನಕ್ಕೆ ಕಂದುತ್ತಿತ್ತು. ಅಲ್ಲೊಂದು ಇಲ್ಲೊಂದು ಬಿಳಿ, ಮಿಕ್ಕಂತೆ ಗೋಡೆಗೆ ಮೋಡ ಕವಿದಂತೆ. ಸುಣ್ಣದವಳು ಮೊದಲು ಅದು ಸಂಜೆಯ ನೆರಳೆಂದುಕೊಂಡಳು. ಮಾರನೆಯ ದಿನ ನಡುಹಗಲಲ್ಲೂ ನೆರಳು ಹಾಗೇ ಇತ್ತು.

ಅವಳು ಬೀದಿಯಲ್ಲಿ ಕಂಡಕಂಡವರನ್ನು ನಿಲ್ಲಿಸಿ ಬಂದವಳ ಗುಣ ಹೇಳತೊಡಗಿದಳು. ಎಲ್ಲರೂ ಒಪ್ಪಿದರು. ಗಾಣದವನು ಅವಳು ಹೆಣೆಯುವಂಥ ಚಾಪೆ ಈ ದಂಡೆಯಲ್ಲೇ ಇಲ್ಲವೆಂದ. ಸೂಲಗಿತ್ತಿ, ಬಾಣಂತಿಯೊಬ್ಬಳಿಗೆಂದು ಚಾಪೆ ಕೇಳಿದಾಗ ಬಂದವಳು ಏನನ್ನೂ ತೆಗೆದುಕೊಳ್ಳದೆ ಕೊಟ್ಟದ್ದನ್ನು ನೆನೆದು, ತಣ್ಣಗಿರಲಿ ಎಂದು ಹರಸಿದಳು. ಊರಿನಲ್ಲಿ ಒಂದು ನಾಲಿಗೆಯೂ ಅವಳನ್ನು ಆಡಿಕೊಳ್ಳುತ್ತಿರಲಿಲ್ಲ. ಗೋಡೆ ಮಾತ್ರ ಕಪ್ಪಾಗುತ್ತಿತ್ತು.

ಹುಣ್ಣಿಮೆ ಹತ್ತಿರವಾಯಿತು. ಒಂದು ಸಂಜೆ ಸುಣ್ಣದವಳು ಯಾರೂ ಮಾಡದ ಕೆಲಸ ಮಾಡಿದಳು. ನೀರಿನ ಸಾಲಿನಲ್ಲಿ ಕೊಡ ಹೊತ್ತು ನಿಂತು, ಹಕ್ಕಿಯನ್ನು ಬಿಟ್ಟು ಮುಂದಿನವರ ಕೈಗಳನ್ನು ನೋಡಿದಳು.

ಗಾಣದವನು ನಿಂತ. ಅವನ ಮುಖ ಮೇಲಕ್ಕೆತ್ತಿತ್ತು, ತುಟಿಯಲ್ಲಿ ಏನೋ ಪದ ಗುನುಗುತ್ತಿತ್ತು. ನಿದ್ದೆಯಲ್ಲಿರುವ ಕೂಸಿನ ಕೈ ತಾಯಿಯ ಎದೆಯನ್ನು ಹುಡುಕಿಕೊಂಡು ಹೋಗುವಂತೆ ಅವನ ಎಡಗೈ ಮೆಲ್ಲಗೆ ಎದ್ದಿತು, ಗೋಡೆಯನ್ನು ಮುಟ್ಟಿತು, ಇಳಿಯಿತು. ಅವನ ಗುನುಗು ನಿಲ್ಲಲಿಲ್ಲ. ಅವನ ಹಿಂದೆ ಸೂಲಗಿತ್ತಿ. ಊರಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡ ಕೈ ಅದು. ಆ ಕೈಯೂ, ಎಡಗೈಯೇ, ಎದ್ದಿತು. ಮುಖದಲ್ಲಿ ಸಿಟ್ಟಿಲ್ಲ, ಅಂಜಿಕೆಯಿಲ್ಲ, ಹಕ್ಕಿಯನ್ನು ನೋಡುವ ಶಾಂತಿ ಮಾತ್ರ.

ಬಾವಿಕಟ್ಟೆಯಲ್ಲಿ ಸುಣ್ಣದವಳು ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿನ್ನ ಕೈ ಕಪ್ಪಿಗೆ ಹೋಯಿತು. ನಾನು ನೋಡಿದೆ."

ಸೂಲಗಿತ್ತಿಗೆ ಕೋಪ ಬರಲಿಲ್ಲ, ದಿಗಿಲಾಯಿತು. ತಾನು ಒಳ್ಳೆಯದನ್ನೇ ನೆನೆಯುತ್ತಿದ್ದೆನೆಂದೂ, ಆ ಹೆಂಗಸು ತನ್ನ ಸ್ವಂತ ತಂಗಿ ಇದ್ದ ಹಾಗೆಂದೂ ದೇವರಾಣೆ ಮಾಡಿ ಹೇಳಿದಳು. ಹೇಳುತ್ತಿದ್ದುದು ನಿಜವೇ ಇತ್ತು, ಅದು ಕೇಳುವವರಿಗೆ ಗೊತ್ತಾಗುತ್ತಿತ್ತು. ಆಮೇಲೆ ಕೊಡ ಎತ್ತಿಕೊಳ್ಳುತ್ತ ದನಿ ತಗ್ಗಿಸಿ ಕೇಳಿದಳು:

"ನೋಡಬಾರದ್ದನ್ನು ನೋಡಿದೆ, ಇರಲಿ. ನಿನ್ನದನ್ನು ನೋಡಿಕೊಂಡೆಯಾ?"

ಆ ಮಾತು ಸುಣ್ಣದವಳ ಜತೆಗೇ ಮನೆಗೆ ಬಂತು, ಒಲೆಯ ಮುಂದೆ ಅವಳ ಪಕ್ಕದಲ್ಲೇ ಕೂತಿತು. ಬೆಳಕು ಹರಿಯುತ್ತಲೇ, ಊರು ನೀರಿಗೆ ಹೊರಡುವ ಮೊದಲೇ, ಅವಳು ಗೋಡೆಯ ಹತ್ತಿರ ಹೋದಳು. ತಾನು ಕಪ್ಪಲ್ಲವೆಂಬುದನ್ನು ಕಣ್ಣಾರೆ ಕಂಡುಬಂದರೆ ಸೂಲಗಿತ್ತಿಯ ಬಾಯಿ ಮುಚ್ಚಿಸಬಹುದು ಎಂದಷ್ಟೇ ಅವಳ ಎಣಿಕೆ.

ಕೈಯ ಮೇಲೆ ಕೈ ಬಿದ್ದಿತ್ತು. ಅಗಲ ಕೈ, ಸಣ್ಣ ಕೈ, ಎಳೆಯರ ಕೈ, ನಡುಗುವ ಮುದುಕರ ಕೈ. ಅವಳು ಬಿಳಿಯಲ್ಲಿ ತನ್ನನ್ನು ಹುಡುಕಿದಳು. ಸಿಗಲಿಲ್ಲ. ಗೋಡೆಯ ನಡುಮಧ್ಯೆ, ಬಾಗಿಲ ಪಕ್ಕದಲ್ಲಿ, ಎಲ್ಲಕ್ಕಿಂತ ಹಳೆಯದಾಗಿ ಒಣಗಿ ಸಿಪ್ಪೆಯೇಳುತ್ತಿದ್ದ ಒಂದು ಕಪ್ಪು ಅಂಗೈ ಇತ್ತು. ಮಿಕ್ಕ ಕಪ್ಪು ಕೈಗಳೆಲ್ಲ ಅದರ ಸುತ್ತ ಜೇನ್ನೊಣಗಳಂತೆ ಗುಂಪುಗೂಡಿದ್ದವು. ಆ ಅಂಗೈಗೆ ಉಂಗುರ ಬೆರಳು ಮೋಟಾಗಿತ್ತು.

ಅವಳು ಅಲ್ಲೇ ನಿಂತು ಬಂದವಳನ್ನು ಮೊದಲು ಕಂಡ ಮಧ್ಯಾಹ್ನವನ್ನು ಮತ್ತೆ ನೆನೆದಳು. ತಾನು ಏನು ಕಂಡೆ? ಯಾವ ಕೇಡು ಕಂಡೆ? ಹುಡುಕಿ ಹುಡುಕಿ ಸಿಕ್ಕಿದ್ದು ಅರ್ಧ ಮುಚ್ಚಿದ ರೆಪ್ಪೆ, ಗಳಿಗೆ ತಡವಾದ ನಗು. ಅದರ ಹಿಂದೆ ಇನ್ನೇನೂ ಇರಲಿಲ್ಲ. ಆಳದ ಬಾವಿಗೆ ಕೊಡ ಇಳಿಸಿದರೆ ತಳದ ಕಲ್ಲಿಗೆ ಹೊಡೆದ ಹಾಗಾಯಿತು. ತಲೆ ತಗ್ಗಿಸಿದಳು. ಯಾವಾಗ ಅದ್ದಿದಳೋ ಅವಳಿಗೇ ತಿಳಿಯದು, ಎಡಗೈಯಿಂದ ಮಸಿ ತೊಟ್ಟಿಕ್ಕುತ್ತಿತ್ತು.

ಹುಣ್ಣಿಮೆಯ ದಿನ ಊರು ಎದ್ದು ಬಂದಾಗ ಗೋಡೆಯ ಮೇಲಿನ ಕೈಗುರುತುಗಳು ಮರೆಯಾಗುತ್ತಿದ್ದವು. ಸುಣ್ಣದವಳು ಗೂಡಿನಲ್ಲಿದ್ದ ಸುಣ್ಣವನ್ನೆಲ್ಲ ಕಲಸಿ, ತೆಂಗಿನ ನಾರಿನ ಕುಂಚದಿಂದ ಮೇಲಿನಿಂದ ಕೆಳಗಿನವರೆಗೆ ಬಳಿದುಬಿಟ್ಟಿದ್ದಳು. ಹಸಿ ಸುಣ್ಣ ಮೊದಲು ಏನನ್ನೂ ಮುಚ್ಚಿದಂತೆ ಕಾಣುವುದಿಲ್ಲ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಜನ ಬಂದು ನಿಂತು ನೋಡುತ್ತಿದ್ದಂತೆಯೇ ಕೊನೆಯ ಕಪ್ಪು ಬೆರಳುಗಳು ಬಿಳಿಯೊಳಗೆ ಮುಳುಗಿದವು. ಅಂಥ ಗೋಡೆಯನ್ನು ಆ ಊರು ಎಂದೂ ಕಂಡಿರಲಿಲ್ಲ. ಕೆಲವರು ಕೈಮುಗಿದರು. ಗೋಡೆಯೇ ಬಿಳಿ ಎಂದಿದೆ ಎಂದು ಗಾಣದವನು ಮೆಲ್ಲಗೆ ಅಂದ. ಅವನಿಗೆ ಸಂತೋಷವೇ ಆಗಿತ್ತು.

ಹಿರಿಯ ಬಂದು, ಕೋಲಿನ ತುದಿಯಿಂದ ಗೋಡೆಯನ್ನು ಗೀರಿ, ಇದಕ್ಕೆ ಬೆರಳಿಲ್ಲ, ಬೆರಳಿಲ್ಲದ್ದು ಕೈಯಲ್ಲ ಎಂದ. ಸುಣ್ಣದವಳು ಕುಂಚ ಹಿಡಿದುಕೊಂಡೇ ಮುಂದೆ ಬಂದಳು.

"ಬಳಿದವಳು ನಾನು. ಮೊದಲ ಕಪ್ಪು ಇಟ್ಟವಳೂ ನಾನೇ. ನನಗೆ ಅವಳೆಂದರೆ ಪ್ರಾಣ, ಆದರೂ ಇಟ್ಟೆ. ನೀವು ಕೂಡ ಒಮ್ಮೆ ನಿಮ್ಮ ಕೈ ನೋಡಿಕೊಳ್ಳಿ. ಅಷ್ಟೇ ನಾನು ಕೇಳುವುದು."

ಜನ ಹಿರಿಯನ ಕಡೆ ನೋಡಿದರು. ಹಿರಿಯ ಅವಳ ಹತ್ತಿರ ಬಂದು, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದ.

"ನೋಡಿಕೊಂಡರೆ ಏನಾಗುತ್ತದೆ, ಗೊತ್ತೇನು ತಾಯಿ? ಇವತ್ತು ಈ ಹೆಂಗಸೊಬ್ಬಳು ಉಳಿದಾಳು. ನಾಳೆ ಎಲ್ಲರಿಗೂ ಆಚೆ ದಡಕ್ಕೆ ಹೋದವರ ನೆನಪಾಗುತ್ತದೆ. ಇದು ನನ್ನ ಕೈಯೋ, ಅದು ನನ್ನ ಕೈಯೋ ಎಂದು ಕೂತುಕೊಳ್ಳುತ್ತಾರೆ. ಆಮೇಲೆ ಈ ಊರಿನಲ್ಲಿ ಯಾರಿಗೆ ತುತ್ತು ಇಳಿದೀತು?"

ಅವನು ಕೋಲೆತ್ತಿ ಹಕ್ಕಿಯ ಕಡೆ ತೋರಿಸಿದ. ಬಾನಿಗಳನ್ನು ಮತ್ತೆ ತುಂಬಿಸಿದರು. ಊರು ಸಾಲಾಯಿತು. ಕಣ್ಣು ಹಕ್ಕಿಗೆ, ಕೈ ಗೋಡೆಗೆ. ಹೊಸ ಬಿಳಿಯ ಮೇಲೆ ಮೊದಲ ಕಪ್ಪು ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಬಿಳಿಯ ಕೈಗಳೂ ಬಿದ್ದಿರಬಹುದು, ಬಿಳಿಯ ಮೇಲೆ ಅವು ಕಾಣುತ್ತಿರಲಿಲ್ಲ. ಸೊಂಟದಲ್ಲಿ ಮಗುವಿದ್ದ ಒಬ್ಬ ಹೆಂಗಸು ಮಾತ್ರ ಗೋಡೆಯ ಮುಂದೆ ತಲೆ ತಗ್ಗಿಸಿದಳು. ತನ್ನ ಕೈಯನ್ನು ಕಂಡವಳು ಸೆರಗನ್ನು ಮುಖಕ್ಕೆಳೆದುಕೊಂಡು ಸಾಲು ಬಿಟ್ಟು ಓಡಿದಳು. ಅವಳ ಜಾಗಕ್ಕೆ ಹಿಂದಿನವರು ಸರಿದರು.

ಸುಣ್ಣದವಳು ಮನೆಯೊಳಗೆ ನುಗ್ಗಿದಳು. ಒಳಗೆ ಯಾರೂ ಇರಲಿಲ್ಲ. ಹೆಣೆದ ಚಾಪೆಗಳನ್ನು ಗೋಡೆಗೆ ಒರಗಿಸಿಟ್ಟು, ನೆಲ ಗುಡಿಸಿ, ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಬಂದವಳು ಹೊರಟುಹೋಗಿದ್ದಳು. ಅವಳು ಸಿಕ್ಕಿದ್ದು ದಂಡೆಯಲ್ಲಿ. ಗಂಟನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲಿ ಕೂತಿದ್ದಳು. ದೋಣಿಯವನು ಉಬ್ಬರ ಇಳಿಯುವುದನ್ನು ಕಾಯುತ್ತ ಬೇರೆ ಕಡೆ ನೋಡುತ್ತಿದ್ದ.

ಸುಣ್ಣದವಳು ಕೆಸರಿಗಿಳಿದು ದೋಣಿಯ ಅಂಚನ್ನು ಹಿಡಿದಳು. ಎಡಗೈಯನ್ನು ಮುಂದೆ ಚಾಚಿ, ಇದು, ಇದು ಎಂದಷ್ಟೇ ತೊದಲಿದಳು.

"ಗೊತ್ತು ಅಕ್ಕಾ," ಎಂದಳು ಬಂದವಳು. "ಬಂದ ದಿನವೇ ಕಿಟಕಿಯಿಂದ ಬಗ್ಗಿ ಗೋಡೆಯ ಮೇಲೆ ಆ ಮೋಟುಬೆರಳಿನ ಗುರುತು ಕಂಡೆ. ಯಾರ ಕೈ ಅಂತ ಎಣ್ಣೆ ಹಚ್ಚುವಾಗ ತಿಳಿಯಿತು."

"ತಿಳಿದ ಮೇಲೂ ಹಚ್ಚಿದೆಯಾ?"

"ಕೈ ಒಡೆದಿತ್ತಲ್ಲ."

ನೀರು ಇಳಿಯತೊಡಗಿತು. ಸುಣ್ಣದವಳು ಅಳುತ್ತ, ತಾನು ತಂದ ಗಂಜಿ, ಆಡಿದ ಮಾತು ಯಾವುದೂ ಸುಳ್ಳಲ್ಲವೆಂದು ಹೇಳಿದಳು. ಬಂದವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಅರ್ಧ ಮುಚ್ಚಿದ ಆ ಕಣ್ಣನ್ನೂ ಪೂರಾ ತೆರೆದಿದ್ದ ಇನ್ನೊಂದನ್ನೂ ಅವಳ ಮೇಲಿಟ್ಟು ಹೇಳಿದಳು:

"ನಿಮ್ಮ ಕೈಯ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನನ್ನು ನೋಡಿದ್ದು ಒಂದು ಗಳಿಗೆ. ನೀವು ಇಷ್ಟು ದಿನ ನನ್ನ ಎದುರಿಗೆ ಕೂತಿದ್ದಿರಿ. ನಾನು ಯಾರ ಮಗಳು, ಯಾಕೆ ಊರು ಬಿಟ್ಟೆ ಅಂತ ಒಂದು ಸಲವೂ ಕೇಳಲಿಲ್ಲ. ಪಾಪದವಳು ಅಂತ ಮೊದಲೇ ಅಂದುಕೊಂಡುಬಿಟ್ಟಿದ್ದಿರಿ. ಅದೂ ಒಂದು ಕೈಯೇ ಅಕ್ಕಾ. ಬಿಳಿಯದು, ಅಷ್ಟೇ."

ದೋಣಿಯವನು ಹಗ್ಗ ಬಿಚ್ಚಿದ. ಸುಣ್ಣದವಳು ಸೊಂಟದವರೆಗೆ ನೀರಿಗಿಳಿದು ಹೋದಳು, ಮುಂದೆ ನೆಲ ಸಿಗದಾದಾಗ ಅಲ್ಲೇ ನಿಂತಳು. ದೋಣಿ ಚಿಕ್ಕದಾಯಿತು, ಬಯಲಿನ ಉಪ್ಪಿನ ಬೆಳಕಿನಲ್ಲಿ ಕರಗಿತು. ಖಾಲಿಯಾಗಿ ಬಂತು.

ಊರು ಆ ಹುಣ್ಣಿಮೆಯನ್ನು ಬೇಗ ಮರೆಯಿತು. ಒಂದು ಬದಲಾವಣೆ ಮಾತ್ರ ಆಯಿತು. ಇನ್ನು ಮುಂದೆ ಯಾರಿಗೂ ತಪ್ಪಿಯೂ ಕೈ ಕಾಣದಿರಲೆಂದು ಬಾನಿಗಳ ಮುಂದೆ ಎದೆಯೆತ್ತರಕ್ಕೆ ಪರದೆ ಕಟ್ಟಿಸಿದರು. ತೋಳನ್ನು ಪರದೆಯ ಸೀಳಿನಲ್ಲಿ ತೂರಿಸಿದರೆ ಆಯಿತು, ಮಿಕ್ಕಿದ್ದು ಆ ಬದಿಯಲ್ಲಿ ನಡೆಯುತ್ತಿತ್ತು. ಎಲ್ಲರಿಗೂ ಹಗುರವೆನಿಸಿತು. ಸುಣ್ಣದವಳಿಗೆ ಯಾರೂ ಒಂದು ಕಟುಮಾತು ಆಡಲಿಲ್ಲ. ಸುಣ್ಣ ಬೇಕಾದಾಗ ದಿಬ್ಬದ ಕೆಳಗೇ ನಿಂತು ಕೂಗಿ ಹೇಳುತ್ತಿದ್ದರು.

ಮತ್ತೊಂದು ಮಳೆಗಾಲ ಕಳೆದು, ಒಬ್ಬ ಮುದುಕ ಬಂದ. ಕುತ್ತಿಗೆ ಒಂದು ಕಡೆಗೆ ಸೊಟ್ಟಗೆ ತಿರುಗಿಕೊಂಡಿತ್ತು. ಯಾರೊಂದಿಗೆ ಮಾತಾಡಿದರೂ ಬೇರೆ ಯಾರನ್ನೋ ನೋಡುತ್ತಿದ್ದ ಹಾಗಿರುತ್ತಿತ್ತು. ಅವನು ಮನೆ ಹೊಕ್ಕ ಸಂಜೆ ಸುಣ್ಣದವಳು ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ಪರದೆಯನ್ನು ಸರಿಸಿ, ತಲೆ ತಗ್ಗಿಸಿ ಕೈ ನೋಡಿದಳು. ಎಡಗೈ ಆಗಲೇ ಏಳುತ್ತಿತ್ತು. ಆ ಮುದುಕನಿಂದ ಅವಳಿಗೆ ಏನೂ ಆಗಿರಲಿಲ್ಲ. ಆದರೂ ಏಳುತ್ತಿತ್ತು, ಹೋದ ಸಲದಷ್ಟೇ ಮೆಲ್ಲಗೆ, ಹೋದ ಸಲದಷ್ಟೇ ಖಚಿತವಾಗಿ. ಅವಳು ಬಲಗೈಯಿಂದ ಅದರ ಮಣಿಕಟ್ಟನ್ನು ಹಿಡಿದಳು. ಎಳೆತ ಬಲವಾಗಿತ್ತು. ಸುಣ್ಣವೂ ಮಸಿಯೂ ಕಲೆತು ಬೂದಿಯ ಬಣ್ಣವಾಗಿ ಮೊಣಕೈಗುಂಟ ಇಳಿದವು. ಗೋಡೆಯನ್ನು ಮುಟ್ಟದೆಯೇ ಅವಳು ಸಾಲಿನಿಂದ ಸರಿದು, ಬಾಗಿಲು ದೂಡಿಕೊಂಡು ಒಳಗೆ ಹೋದಳು.

ಮುದುಕ ಮೂಲೆಯಲ್ಲಿ ಕೂತಿದ್ದ. ಗಂಜಿ ತಂದಿರಬಹುದೆಂದು ಅವಳ ಕೈ ಕಡೆ ನೋಡಿದ. ಅವಳು ಬರಿಗೈಯಲ್ಲಿ ಬಂದಿದ್ದಳು. ಎದುರಿಗೆ ನೆಲದ ಮೇಲೆ ಕೂತು ಕೇಳಿದಳು:

"ನೀವು ಯಾರ ಮಗ? ಯಾಕೆ ಊರು ಬಿಟ್ಟಿರಿ?"

ಅವನು ಆ ಪ್ರಶ್ನೆಯನ್ನು ಕೇಳಿಸಿಕೊಂಡು ಎಷ್ಟೋ ಕಾಲವಾಗಿದ್ದವನಂತೆ ಸೊಟ್ಟ ಕುತ್ತಿಗೆಯನ್ನು ಕಷ್ಟಪಟ್ಟು ಅವಳ ಕಡೆಗೆ ತಿರುಗಿಸಿದ. ಆಮೇಲೆ ತನ್ನ ತಾಯಿಯಿಂದ ಶುರುಮಾಡಿದ. ಸುಣ್ಣದವಳು ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟು, ಮುಂದಕ್ಕೆ ಬಾಗಿ ಕೇಳುತ್ತ ಕುಳಿತಳು. ಹೊರಗೆ, ಗೋಡೆಯ ಆ ಬದಿಯಲ್ಲಿ, ಒಂದರ ಹಿಂದೆ ಒಂದರಂತೆ ಒದ್ದೆ ಅಂಗೈಗಳು ಬೀಳುವ ಸಪ್ಪಳ ಕೇಳಿಸುತ್ತಲೇ ಇತ್ತು.